ಐವತ್ತೆರಡನೇ ನಂಬರಿನ ಫೌಲ್

ಕಾರ್ಬಿನ್ ಲೈಲ್‌ನ ಕಂಚಿನ ಪ್ರತಿಮೆಯನ್ನು ಶಾಲೆಯ ಮೈದಾನದ ಉತ್ತರ ತುದಿಯಲ್ಲಿ ನಿಲ್ಲಿಸಿ, ಮೇಲೆ ನೀಲಿ ಬಟ್ಟೆ ಹೊದಿಸಿದ್ದರು. ಬಟ್ಟೆ ಗಿಡ್ಡವಾಗಿತ್ತು. ಹಾಗಾಗಿ ಬಂದವರೆಲ್ಲ ಎರಡು ಕಂಚಿನ ಕಾಲುಗಳನ್ನು ನೋಡಿಕೊಂಡೇ ಒಳಗೆ ಹೋದರು. ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಗಾಳಿಯಲ್ಲಿ. ಪೀಠದ ಕಲ್ಲಿನಲ್ಲಿ ಹೀಗೆ ಕೆತ್ತಿದ್ದರು: ‘ಕಾರ್ಬಿನ್ ಲೈಲ್. ಆರು ಗಜ. 1979.’

ನಾನು ಪೀಠವನ್ನು ಒಂದು ಸುತ್ತು ಬಂದೆ. ಹಿಂಬದಿಯಲ್ಲಾದರೂ ಇನ್ನೊಂದು ಹೆಸರು ಇರಬಹುದು ಎಂಬ ಆಸೆ. ಇರಲಿಲ್ಲ. ಕಲ್ಲು ನುಣ್ಣಗಿತ್ತು.

ಆ ಆರು ಗಜ ನಮ್ಮ ಬ್ರೈಯರ್‌ಟನ್ನಿನಲ್ಲಿ ಎಲ್ಲರಿಗೂ ಗೊತ್ತು. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಹೇಳಿಕೊಳ್ಳಲು ಉಳಿದಿರುವುದೇ ಅದು. ಸ್ಟಾಕ್‌ಡೇಲ್ ಶಾಲೆಯ ವಿರುದ್ಧ ಜಿಲ್ಲಾ ಫೈನಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲ್. ಕೊನೆಯ ಆಟ, ಅಂಕಕ್ಕೆ ದಾಟಬೇಕಾದ ಗೆರೆ ಆರು ಗಜ ದೂರ. ನಾವು ಐದು ಜನ ಲೈನಿನವರು, ಓಡುವವನಿಗೆ ದಾರಿ ಬಿಡಿಸುವವರು, ಮುಂದೆ ಬಗ್ಗಿ ಕೂತಿದ್ದೆವು. ನಡುವೆ ಸೆಂಟರ್ ವೆಂಡೆಲ್ ಟಕಾಚ್, ಅವನ ಬಲಕ್ಕೆ ನಾನು, ರಾಯ್ಸ್ ಡುವಾಲ್. ವೆಂಡೆಲ್ ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಟ್ಟ. ಕೊಟ್ಟವನೇ ಎದುರಿಗಿದ್ದ ಎಮ್ಮೆಟ್ ಬ್ಯಾಸ್ಕಮ್‌ನ ಎದೆಗೆ ಹೆಗಲು ಕೊಟ್ಟು ಎಡಕ್ಕೆ ತಳ್ಳಿದ. ಎಮ್ಮೆಟ್ ಅಂದರೆ ಎತ್ತಿನ ಗಾತ್ರದ ಮನುಷ್ಯ. ನಾನು ನನ್ನವನನ್ನು ಬಲಕ್ಕೆ ತಳ್ಳಿದೆ. ನಮ್ಮಿಬ್ಬರ ನಡುವೆ ಬಾಗಿಲಿನಷ್ಟು ಅಗಲದ ಕಂಡಿ ಬಿಟ್ಟಿತು. ಕಾರ್ಬಿನ್ ಚೆಂಡು ಅವುಚಿಕೊಂಡು ಅದರೊಳಗೆ ನುಗ್ಗಿ ಗೆರೆ ದಾಟಿದ. ಯಾರೂ ಅವನ ಅಂಗಿ ಮುಟ್ಟಲಿಲ್ಲ.

ಆ ರಾಶಿಯಲ್ಲಿ ಯಾರೋ ವೆಂಡೆಲ್‌ನ ಕಾಲಿನ ಮೇಲೆ ಬಿದ್ದರು. ಮೊಣಕಾಲು ಹಿಂದುಮುಂದಾಗಿ ತಿರುಗಿತು. ಜನ ಕಾರ್ಬಿನ್‌ನನ್ನು ಹೆಗಲ ಮೇಲೆ ಹೊತ್ತು ದಕ್ಷಿಣದ ಗೇಟಿನಿಂದ ಆಚೆ ಹೋದರು. ವೆಂಡೆಲ್‌ನನ್ನು ಸ್ಟ್ರೆಚರ್ ಮೇಲೆ ಉತ್ತರದ ಗೇಟಿನಿಂದ ಸಾಗಿಸಿದರು. ಅವನ ಜೊತೆ ಹೋದವರು ನಾನು ಮತ್ತು ಅವನ ತಾಯಿ, ಇಬ್ಬರೇ.

ಮುಂದಿನ ವಾರ ರಾಜ್ಯದ ಸೆಮಿಫೈನಲ್. ವೆಂಡೆಲ್ ಇಲ್ಲ. ಅದೇ ಕಾರ್ಬಿನ್, ಅದೇ ಕಾಲು, ಅದೇ ಚೆಂಡು. ಇಡೀ ಆಟದಲ್ಲಿ ಅವನು ಓಡಿದ್ದು ಹತ್ತೊಂಬತ್ತು ಗಜ. ನಾವು ಸೋತೆವು. ಕಾರ್ಬಿನ್‌ಗೆ ಜ್ವರವಿತ್ತು ಎಂದು ಪೇಪರಿನಲ್ಲಿ ಬಂತು. ನನಗೆ ತಿಳಿದ ಮಟ್ಟಿಗೆ ಅವನಿಗೆ ಜ್ವರವಿರಲಿಲ್ಲ. ಎದುರಿಗೆ ಕಂಡಿ ಇರಲಿಲ್ಲ, ಅಷ್ಟೆ.

ಇವೆಲ್ಲ ಹಳೆಯ ಕಥೆ. ಸುಮ್ಮನಿರಬಹುದಿತ್ತು. ಆದರೆ ಪ್ರತಿಮೆಯ ಸುದ್ದಿಯ ಜೊತೆ ಕೌಂಟಿಯ ಪೇಪರಿನಲ್ಲಿ ಅವನ ಸಂದರ್ಶನ ಬಂದಿತ್ತು. ಅದರಲ್ಲಿ ಅವನು ಹೇಳಿದ್ದು: ‘ಎದುರಿಗೆ ಕಂಡಿಯೇ ಇರಲಿಲ್ಲ. ನಾನೇ ಮಾಡಿಕೊಂಡೆ.’

ಅದನ್ನು ಓದಿದಾಗ ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ಎದ್ದು ಹೋಗಿ ಕಾರಿನಲ್ಲಿ ಕೂತೆ. ಎಲ್ಲಿಗೂ ಹೋಗಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಅಕ್ಟೋಬರಿನ ಆ ಶನಿವಾರ ಮಧ್ಯಾಹ್ನ ಶಾಲೆಯ ಹಳಬರೆಲ್ಲ ಊರಿಗೆ ಮರಳುವ ದಿನ. ಶಾಲೆಯ ಪಂದ್ಯದ ವಿರಾಮದ ಹೊತ್ತಿನಲ್ಲಿ ಯಾವುದಾದರೂ ಹಳೆಯ ತಂಡ ಮೈದಾನಕ್ಕಿಳಿದು ತನ್ನ ಹೆಸರಾದ ಒಂದು ಆಟವನ್ನು ಮತ್ತೆ ಆಡಿ ತೋರಿಸುವುದು ನಮ್ಮಲ್ಲಿ ರೂಢಿ. ಎದುರಾಳಿಗಳ ಹಳೆಯ ತಂಡವನ್ನೂ ಕರೆಸುತ್ತಾರೆ. ಎಲ್ಲರಿಗೂ ಅರವತ್ತು ದಾಟಿರುತ್ತದೆ, ಆದ್ದರಿಂದ ಮೆಲ್ಲಗೆ ಆಡುತ್ತಾರೆ, ಜನ ನಗುತ್ತಾರೆ. ಈ ವರ್ಷ ಆರು ಗಜದ ಆಟ. ಕಾರ್ಬಿನ್ ಗೆರೆ ದಾಟಿದ ಕೂಡಲೇ ಪ್ರತಿಮೆಯ ಬಟ್ಟೆ ಸರಿಯಬೇಕು, ಬ್ಯಾಂಡು ಬಾರಿಸಬೇಕು. ಹಾಗೆಂದು ತೀರ್ಮಾನವಾಗಿತ್ತು.

ಚರ್ಚಿನ ಹೆಂಗಸರು ಹಾಕಿದ್ದ ಡೇರೆಯಲ್ಲಿ ವೆಂಡೆಲ್ ಮತ್ತು ಅವನ ಹೆಂಡತಿ ಲೊರೆಟಾ ಮೂಲೆಯ ಮೇಜಿನಲ್ಲಿ ಕೂತಿದ್ದರು. ಹೋದ ವರ್ಷ ವೆಂಡೆಲ್‌ಗೆ ಲಕ್ವ ಹೊಡೆದಿತ್ತು. ಬಲಗೈಯಲ್ಲಿ ಬಲವಿಲ್ಲ. ಮಾತು ಒಂದೊಂದೇ ಪದ. ಮೊಣಕಾಲು ಹಳೆಯ ಕತೆ. ಅದರಿಂದಲೇ ಅವನಿಗೆ ಕುಲುಮೆಯ ಕೆಲಸ ಸಿಗಲಿಲ್ಲ, ಕಾರ್ಖಾನೆಯ ಗೇಟಿನ ಗೂಡಿನಲ್ಲಿ ಕೂತೇ ಆಯಸ್ಸು ಕಳೆದ. ಅವನ ಮುಂದೆ ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬಿನ ತಟ್ಟೆ ಇತ್ತು. ಎಡಗೈಯಲ್ಲಿ ತಿನ್ನುತ್ತಿದ್ದ.

“ಇವ್ನು ಆಡೋದು ಬೇಡ್ವಂತೆ,” ಅಂದಳು ಲೊರೆಟಾ. “ಪ್ರತಿಮೆ ಸಮಿತಿಯೋನು ಬಂದು ಹೇಳಿ ಹೋದ. ಬಿದ್ರೆ ಕಷ್ಟ, ಸ್ಕೂಲಿನ ಯಾವನಾದ್ರೂ ಹುಡುಗನ್ನ ಸೆಂಟರ್ ನಿಲ್ಲಿಸ್ತೀವಿ, ಇವ್ರು ಮೇಲ್ಗಡೆ ಕೂತ್ಕೊಂಡು ನೋಡ್ಲಿ ಅಂತ.”

“ನೀನೇನಂದೆ?”

“ನಾನೇನಂತೀನಿ? ಇವ್ನೇ ಅಂದ.”

“ಏನಂದ್ಯೋ?”

ವೆಂಡೆಲ್ ಪಿಯರೋಗಿ ನುಂಗಿ ಹೇಳಿದ. “ತೊಲಗು.”

ನಾನು ನಗುತ್ತಿರುವಾಗಲೇ ಕಾರ್ಬಿನ್ ಡೇರೆಯೊಳಗೆ ಬಂದ. ಕೂದಲು ಬೆಳ್ಳಗಾಗಿದ್ದರೂ ಒತ್ತಾಗಿತ್ತು. ಸೊಂಟ ಸಣ್ಣಗೇ ಇತ್ತು. ಎರಡು ಮೊಣಕಾಲುಗಳೂ ನೆಟ್ಟಗಿದ್ದವು. ಪ್ರತಿ ಮೇಜಿನ ಬಳಿ ನಿಂತು ಕೈ ಕುಲುಕುತ್ತ ನಮ್ಮಲ್ಲಿಗೆ ಬಂದ.

“ರಾಯ್ಸ್! ಇನ್ನೂ ಬದುಕಿದೀಯೇನೋ ಮುದಿಯಾ?”

“ನಿನ್ನ ಕಾಲು ನೋಡ್ಕೊಂಡು ಬಂದೆ. ಚೆನ್ನಾಗಿ ಎರಕ ಹೊಯ್ದಿದಾರೆ.”

“ಮುಖ ನೋಡಿದ್ಮೇಲೆ ಹೇಳು. ಮೂಗು ಉದ್ದ ಬಂತು ಅಂತ ನನ್ನ ಹೆಂಡ್ತಿ ಗೊಣಗ್ತಿದಾಳೆ.”

“ಪೇಪರಲ್ಲಿ ನೀನಂದಿದ್ದು ಓದ್ದೆ.”

ಅವನ ನಗು ಹಾಗೇ ಇತ್ತು. “ಯಾವ್ದು?”

“ಕಂಡಿ ಇರ್ಲಿಲ್ಲ, ನೀನೇ ಮಾಡ್ಕೊಂಡೆ ಅಂದ್ಯಲ್ಲ, ಅದು.”

“ಅಯ್ಯೋ, ಅದು ಮಾತಿಗೆ ಹೇಳಿದ್ದು ಕಣೋ. ಹುಡುಗ್ರಿಗೆ ಹುರುಪು ಬರ್ಲಿ ಅಂತ. ನೀನು ಎಲ್ಲಾನೂ ಅಕ್ಷರಕ್ಕಕ್ಷರ ಹಿಡ್ಕೋತೀಯ.”

“ಸರಿ, ಹಾಗಾದ್ರೆ ಇವತ್ತು ಮೈಕಲ್ಲಿ ಇನ್ನೊಂದು ಮಾತು ಹೇಳು. ನಮ್ಮೆಲ್ಲರ ಹೆಸ್ರು ಬೇಡ. ನನ್ನದೂ ಬೇಡ. ವೆಂಡೆಲ್ ಟಕಾಚ್ ಅಂತ ಒಂದು ಹೆಸ್ರು ಹೇಳು. ಸಾಕು.”

ಕಾರ್ಬಿನ್ ಸುತ್ತ ನೋಡಿ ದನಿ ತಗ್ಗಿಸಿದ. “ಎರಡೇ ನಿಮಿಷ ಕೊಟ್ಟಿದಾರೆ ರಾಯ್ಸ್. ಪ್ರಿನ್ಸಿಪಾಲ್ರು, ಪಾದ್ರಿಗಳು, ಪ್ರತಿಮೆ ಮಾಡ್ದೋನು, ಇವ್ರಿಗೆಲ್ಲ ಥ್ಯಾಂಕ್ಸ್ ಹೇಳ್ಬೇಕು. ಒಬ್ಬನ ಹೆಸ್ರು ಹೇಳಿದ್ರೆ ಐದು ಜನಾನೂ ಹೇಳ್ಬೇಕು. ಆಮೇಲೆ ಕೋಚು, ನೀರು ಕೊಡ್ತಿದ್ದೋನು... ಅದಕ್ಕೆ ಕೊನೆ ಎಲ್ಲಿ?”

“ಕಂಚು ಕರಗಿಸ್ದೋನ ಹೆಸ್ರು ಹೇಳ್ತೀಯ. ಮೊಣಕಾಲು ಮುರ್ಕೊಂಡೋನ ಹೆಸ್ರು ಹೇಳಲ್ಲ.”

“ನೋಡೋ, ಪಾಪ, ಇವನಿಗೆ ಈಗ ಇದೆಲ್ಲ ಏನು ಗೊತ್ತಾಗತ್ತೆ?” ಅಂದ ಕಾರ್ಬಿನ್. ವೆಂಡೆಲ್‌ನ ತಲೆಯ ಮೇಲಿಂದ ನನಗೆ ಹೇಳಿದ. ವೆಂಡೆಲ್ ಅವನ ಕೈಗೆಟುಕುವಷ್ಟು ಹತ್ತಿರ ಕೂತಿದ್ದ.

“ಎಲ್ಲಾ,” ಅಂದ ವೆಂಡೆಲ್.

“ಕಿವಿಗೇನೂ ಆಗಿಲ್ಲ ಕಾರ್ಬಿನ್,” ಲೊರೆಟಾ ಹೇಳಿದಳು. “ನಾಲಿಗೆಗೆ ಆಗಿರೋದು.”

ಕಾರ್ಬಿನ್ ವೆಂಡೆಲ್‌ನ ಹೆಗಲು ತಟ್ಟಿ, “ಹೇ, ದೊಡ್ಡೋನೇ, ಚೆನ್ನಾಗಿದೀಯ ತಾನೇ?” ಎಂದು ಮುಂದಿನ ಮೇಜಿಗೆ ಹೋದ. ಸಂದು ಸಿಕ್ಕ ಕಡೆ ನುಸುಳಿ ಹೋಗುವುದು ಅವನಿಗೆ ಯಾವತ್ತೂ ಚೆನ್ನಾಗಿ ಬರುತ್ತಿತ್ತು. ನಾನು ಎದ್ದು ಹಿಂದೆ ಹೋಗುವವನಿದ್ದೆ. ಲೊರೆಟಾ ನನ್ನ ತೋಳು ಹಿಡಿದಳು.

“ಕೂತ್ಕೋ. ನೀನು ಅವ್ನಿಗೆ ಹೊಡೆದ್ರೆ ನಾಳೆ ಪೇಪರಲ್ಲಿ ಅದೂ ಅವನ ಹೆಸರಲ್ಲೇ ಬರತ್ತೆ.”

ಸ್ಟಾಕ್‌ಡೇಲಿನವರು ತಮ್ಮ ಹಳೆಯ ಕೆಂಪು ಅಂಗಿ ಹಾಕಿಕೊಂಡು ಬಂದರು. ಮೊದಲು ಒಳಗೆ ಬಂದದ್ದು ಎಮ್ಮೆಟ್ ಬ್ಯಾಸ್ಕಮ್‌ನ ಹೊಟ್ಟೆ, ಆಮೇಲೆ ಅವನು. ನೇರ ನಮ್ಮ ಮೇಜಿಗೆ ಬಂದು ವೆಂಡೆಲ್‌ನ ಎದುರು ಕುರ್ಚಿ ಎಳೆದು ಕೂತ. ತುಟಿ ಎತ್ತಿ ಮುಂದಿನ ಹಲ್ಲಿನ ಜಾಗ ತೋರಿಸಿದ. ಅಲ್ಲಿ ಚಿನ್ನದ ಹಲ್ಲಿತ್ತು.

“ಇದು ನಿಂದು,” ಅಂದ.

ವೆಂಡೆಲ್‌ನ ಮುಖದ ಎಡಭಾಗ ನಕ್ಕಿತು. “ವಾಪಸ್... ಕೊಡು.”

“ಕೊಡ್ತೀನಿ ತಗೋ! ಕಳ್ಳ ನನ್ಮಗನೇ, ಇಡೀ ಆಟ ನನ್ನ ಎದೆ ಮೇಲೇ ಇದ್ದೆ ನೀನು. ಮೂರು ದಿನ ಉಸಿರು ಎಳ್ಕೊಳ್ಳೋಕೆ ಆಗಿರ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ನಿಮ್ಮ ಸಮಿತಿಯೋರು ನಮಗೇನು ಹೇಳಿದಾರೆ ಗೊತ್ತಾ? ಚೆಂಡು ಬಂದ ತಕ್ಷಣ ಬಿದ್ದುಬಿಡಿ ಅಂತ. ಬೀಳೋದಂತೆ! ನಾನು ಆವತ್ತು ಬಿದ್ನಾ? ನನ್ನ ಎತ್ತಿ ಒಗೆದ್ರು. ಒಗೆದೋನು ಇಲ್ಲಿ ಕೂತಿದಾನೆ. ಆ ಬಿಳಿತಲೆಯೋನು ನನ್ನ ಪಕ್ಕದಲ್ಲಿ ಓಡಿ ಹೋದಾಗ ನಾನು ಆಕಾಶ ನೋಡ್ತಾ ಮಲಗಿದ್ದೆ.”

“ಪೇಪರಲ್ಲಿ ಕಂಡಿ ಇರ್ಲಿಲ್ಲ ಅಂದಿದಾನೆ.”

“ಕಂಡಿ ಇರ್ಲಿಲ್ವಾ?” ಎಮ್ಮೆಟ್ ಮೇಜು ಗುದ್ದಿದ. ತಟ್ಟೆಗಳು ಕುಣಿದವು. “ಅದ್ರಲ್ಲಿ ನಮ್ಮತ್ತೆ ಟ್ರ್ಯಾಕ್ಟರ್ ಓಡಿಸ್ಕೊಂಡು ಹೋಗ್ಬೋದಿತ್ತು!”

ಸಿಟ್ಟಿಗೆ ಜೊತೆ ಸಿಕ್ಕಿದರೆ ಒಂದು ಬಗೆಯ ಸಮಾಧಾನ. ನಾವು ಸ್ವಲ್ಪ ಹೊತ್ತು ಆವತ್ತಿನ ಆಟ ನೆನೆಸಿಕೊಂಡೆವು. ಲೈನಿನವರ ಹೆಸರು ಧ್ವನಿವರ್ಧಕದಲ್ಲಿ ಬರುವುದೇ ಇಲ್ಲ. ಓಡಿದವನ ಹೆಸರು ಹೇಳುತ್ತಾರೆ, ಅವನನ್ನು ಕೆಡವಿದವನ ಹೆಸರು ಹೇಳುತ್ತಾರೆ. ದಾರಿ ಬಿಡಿಸಿದವನ ಹೆಸರು ಹೇಳುವುದು ಅವನು ತಪ್ಪು ಮಾಡಿದಾಗ ಮಾತ್ರ. ಎದುರಾಳಿಯ ಅಂಗಿ ಹಿಡಿದು ಎಳೆದರೆ ರೆಫರಿ ಹಳದಿ ಬಟ್ಟೆ ಎಸೆದು ನಂಬರ್ ಕೂಗುತ್ತಾನೆ. ನಮ್ಮ ಅನೌನ್ಸರ್ ಆ ನಂಬರಿಗೆ ಹೆಸರು ಸೇರಿಸುತ್ತಾನೆ. ನಾಲ್ಕು ವರ್ಷದಲ್ಲಿ ವೆಂಡೆಲ್‌ನ ಹೆಸರು ಹಾಗೆ ಬಂದದ್ದು ಒಂದೇ ಸಲ, ಅದೇ ಫೈನಲ್‌ನ ಮೊದಲರ್ಧದಲ್ಲಿ.

“ನನ್ನ ಅಂಗಿನೇ ಅದು,” ಅಂದ ಎಮ್ಮೆಟ್.

“ಅಮ್ಮ,” ಅಂದ ವೆಂಡೆಲ್.

ಹೌದು. ವೆಂಡೆಲ್‌ನ ತಾಯಿ ಸ್ಲೊವಾಕಿಯಾದಿಂದ ಬಂದವಳು, ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಮಗನ ಹೆಸರು ಇಡೀ ಮೈದಾನಕ್ಕೆ ಕೇಳಿದ್ದೇ ತಡ, ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ಸುತ್ತಲಿನವರು ಬೈಯುತ್ತಿದ್ದಾರೆ, ಇವಳು ಚಪ್ಪಾಳೆ ತಟ್ಟುತ್ತಿದ್ದಾಳೆ. ಸಾಯುವವರೆಗೂ ಅವಳಿಗೆ ಯಾರೂ ನಿಜ ಹೇಳಲಿಲ್ಲ.

ವಿರಾಮದ ಹೊತ್ತಿಗೆ ನಾವು ನಮ್ಮ ಹಳೆಯ ನಂಬರಿನ ಅಂಗಿ ಹಾಕಿಕೊಂಡು ಮೈದಾನದ ಅಂಚಿಗೆ ಬಂದೆವು, ವೆಂಡೆಲ್‌ನದು ಐವತ್ತೆರಡು. ನಾನು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದೆ. ಲೈನಿನವರನ್ನು ಹತ್ತಿರ ಕರೆದೆ. ಐವರಲ್ಲಿ ಒಬ್ಬ ತೀರಿಕೊಂಡಿದ್ದ, ಉಳಿದವರು ನಾಲ್ವರು.

“ಚೆಂಡು ಬಂದ್ಮೇಲೆ ಯಾರೂ ಅಲ್ಲಾಡ್ಬೇಡಿ. ಸುಮ್ನೆ ನಿಂತ್ಕೊಳ್ಳಿ. ಸ್ಟಾಕ್‌ಡೇಲಿನೋರೂ ಬೀಳಲ್ಲ ಅಂತಿದಾರೆ. ಕಂಡಿ ಮಾಡ್ಕೊಳ್ಳೋನು ಮಾಡ್ಕೊಳ್ಳಿ. ಐದು ಸಾವಿರ ಜನ ನೋಡ್ಲಿ.”

ಎಡಗಡೆಯ ಇಬ್ಬರೂ ತಲೆಯಾಡಿಸಿದರು. ವೆಂಡೆಲ್ ಇಲ್ಲವೆಂದು ತಲೆ ಅಲ್ಲಾಡಿಸಿದ.

“ಯಾಕೋ? ನಿನಗೋಸ್ಕರ ಕಣೋ ಇದು!”

“ತಳ್ಳು,” ಅಂದ ವೆಂಡೆಲ್. ಪದ ಹುಡುಕಲು ಅವನಿಗೆ ಹೊತ್ತು ಹಿಡಿಯಿತು. ಎಡಗೈಯಿಂದ ನನ್ನ ಅಂಗಿಯ ಎದೆ ಹಿಡಿದುಕೊಂಡ. “ನಾವು... ತಳ್ಳೋರು.”

ನಾನು ಬೈದೆ. ಬೈದು ಒಪ್ಪಿಕೊಂಡೆ. ಲೈನಿನಲ್ಲಿ ಸೆಂಟರ್ ಹೇಳಿದ್ದೇ ಮಾತು, ಆಗಲೂ ಅಷ್ಟೆ, ಈಗಲೂ ಅಷ್ಟೆ.

ಲೊರೆಟಾ ಅವನ ಊರುಗೋಲು ಇಸಿದುಕೊಂಡು ಅಂಚಿನಲ್ಲಿ ನಿಂತಳು. ಸಮಿತಿಯವನು ಓಡಿ ಬಂದು, “ಸರ್, ನಿಮಗೆ ಬೇಡ ಅಂತ ಹೇಳಿದ್ವಲ್ಲ,” ಅಂದ. ಎಮ್ಮೆಟ್ ಅವನ ಮುಂದೆ ಹೋಗಿ ನಿಂತ. ಸಮಿತಿಯವನು ಎಮ್ಮೆಟ್‌ನ ಹೊಟ್ಟೆ ನೋಡಿದ, ಆಮೇಲೆ ದಾರಿ ಬಿಟ್ಟ.

ಗೆರೆಯಿಂದ ಆರು ಗಜ ಹಿಂದೆ ನಿಂತೆವು. ವೆಂಡೆಲ್‌ಗೆ ಬಗ್ಗಲು ಆಗುತ್ತಿರಲಿಲ್ಲ. ಬಲಗೈ ನನ್ನ ಹೆಗಲ ಮೇಲೆ ಊರಿ ನಿಂತೇ ಚೆಂಡು ಹಿಡಿದಿದ್ದ. ಎದುರಿಗೆ ಎಮ್ಮೆಟ್. ಪಕ್ಕದಲ್ಲಿ ಆ ದಿನದ ಪಂದ್ಯದ ರೆಫರಿ, ಪಟ್ಟೆ ಅಂಗಿ, ಸೊಂಟದಲ್ಲಿ ಮೈಕು. ಕಾರ್ಬಿನ್ ದಾಟಿದ ಕೂಡಲೇ ಅಂಕ ಬಂತೆಂದು ಎರಡೂ ಕೈ ಎತ್ತಲು ಅವನನ್ನು ನಿಲ್ಲಿಸಿದ್ದರು. ಮೇಲೆ ಗಾಜಿನ ಕೋಣೆಯಿಂದ ಅನೌನ್ಸರ್ ಕಾರ್ಬಿನ್‌ನ ಬದುಕನ್ನೇ ಓದಿದ. ಯೂನಿವರ್ಸಿಟಿ, ಪ್ರಶಸ್ತಿ, ದಾನಧರ್ಮ. ಯೂನಿವರ್ಸಿಟಿಯಲ್ಲಿ ಅವನು ಬಹುಪಾಲು ಬೆಂಚಿನ ಮೇಲೆ ಕೂತಿದ್ದ ಎಂಬುದನ್ನು ಓದಲಿಲ್ಲ. ನಮ್ಮನ್ನು ಕರೆದದ್ದು ಹೀಗೆ: “ಜೊತೆಗೆ ಅವರ ಗೆಳೆಯರು.”

“ಗೆಳೆಯರು,” ಅಂದ ಎಮ್ಮೆಟ್ ಹಲ್ಲಿನ ಸಂದಿಯಿಂದ. “ಕೇಳಿಸ್ತೇನೋ?”

ವೆಂಡೆಲ್‌ನ ಮುಖ ನೋಡಿದೆ. ಕಿವಿಯವರೆಗೂ ಕೆಂಪೇರಿತ್ತು. ನನ್ನ ಹೆಗಲ ಮೇಲಿದ್ದ ಆ ಬಲವಿಲ್ಲದ ಕೈ ಭಾರವಾಯಿತು. ಆವತ್ತು ಆಸ್ಪತ್ರೆಯಲ್ಲಿ ಕಾಲು ಸರಿಮಾಡುವಾಗಲೂ ನಾನು ಈ ಮುಖ ಕಂಡಿರಲಿಲ್ಲ.

ಚೆಂಡು ಹಂಚುವ ನಮ್ಮ ಕ್ವಾರ್ಟರ್‌ಬ್ಯಾಕ್ ಲ್ಯೂ ಹಿಂದಿನಿಂದ ಕೂಗಿದ. ವೆಂಡೆಲ್ ಎಡಗೈಯಿಂದ ಚೆಂಡು ಹಿಂದಕ್ಕೆ ಕೊಟ್ಟ. ಲ್ಯೂ ಅದನ್ನು ಕಾರ್ಬಿನ್‌ನ ಹೊಟ್ಟೆಗಿಟ್ಟ. ನಾನು ನನ್ನ ಎದುರಿನ ಮುದುಕನನ್ನು ಬಲಕ್ಕೆ ತಳ್ಳಿದೆ. ವೆಂಡೆಲ್ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ಎಮ್ಮೆಟ್‌ನ ಎದೆಗೆ ಒರಗಿದ. ಎಮ್ಮೆಟ್ ಅವನು ಬೀಳದಂತೆ ಎರಡೂ ತೋಳಿನಲ್ಲಿ ಆತುಕೊಂಡು ಎಡಕ್ಕೆ ಸರಿದ. ಕಂಡಿ ಬಿಟ್ಟಿತು. ಬಾಗಿಲಿನಷ್ಟು ಅಗಲ. ಕಾರ್ಬಿನ್ ಅದರೊಳಗೆ ಹಾಯಾಗಿ ಓಡಿ ಗೆರೆ ದಾಟಿ ಚೆಂಡು ಎತ್ತಿ ಹಿಡಿದ.

ಜನ ಎದ್ದು ನಿಂತರು. ರೆಫರಿ ಕೈ ಎತ್ತಲು ಹೊರಟ.

“ಹಿಡ್ಕೊಂಡಿದಾನೆ!” ಎಮ್ಮೆಟ್ ಕಿರುಚಿದ. “ರೆಫರೀ! ಇಲ್ಲಿ ನೋಡಯ್ಯಾ! ನನ್ನ ಅಂಗಿ ಹಿಡ್ಕೊಂಡಿದಾನೆ!”

ನಾನು ತಿರುಗಿದೆ. ವೆಂಡೆಲ್‌ನ ಎಡಗೈ ಎಮ್ಮೆಟ್‌ನ ಕೆಂಪು ಅಂಗಿಯನ್ನು ಕತ್ತಿನ ಹತ್ತಿರ ಮುಷ್ಟಿ ತುಂಬ ಹಿಡಿದಿತ್ತು. ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅವನು ಎಮ್ಮೆಟ್‌ನನ್ನು ನೋಡುತ್ತಿರಲಿಲ್ಲ. ರೆಫರಿಯನ್ನೇ ದಿಟ್ಟಿಸುತ್ತಿದ್ದ. ಮುಚ್ಚಿಡುವ ಪ್ರಯತ್ನವೇ ಇಲ್ಲ.

ಆಗ ನನಗೆ ಅರ್ಥವಾಯಿತು.

“ಫೌಲ್ ತಾನೇ ಅದು?” ನಾನೂ ಕೂಗಿದೆ. “ನಮ್ಮೋನೇ, ಆದ್ರೂ ಫೌಲ್ ಫೌಲೇ! ನಿಯಮ ಇದೆಯೋ ಇಲ್ವೋ?”

“ಇದು ಸುಮ್ನೆ ತೋರಿಸೋ ಆಟ ಅಲ್ವಾ?” ಅಂದ ರೆಫರಿ.

“ನಿಂಗೆ ಕಾಣಿಸ್ತಿದೆಯೋ ಇಲ್ವೋ ಹೇಳು,” ಎಮ್ಮೆಟ್ ಅಬ್ಬರಿಸಿದ. “ಇನ್ನೂ ಬಿಟ್ಟಿಲ್ಲ ಅವನು!”

ರೆಫರಿ ನಮ್ಮ ಮೂವರ ಮುಖ ನೋಡಿದ. ವೆಂಡೆಲ್‌ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ನಮ್ಮ ಕಡೆಯ ರೆಫರಿಗಳು ಬಹಳಷ್ಟು ಜನ ಒಂದು ಕಾಲದಲ್ಲಿ ಲೈನಿನಲ್ಲಿ ಆಡಿದವರೇ. ಅವನು ಆಡಿದ್ದನೋ ಇಲ್ಲವೋ ನಾನು ಕೇಳಲಿಲ್ಲ. ಸೊಂಟದಿಂದ ಹಳದಿ ಬಟ್ಟೆ ತೆಗೆದು ಮೇಲಕ್ಕೆಸೆದ.

ಬ್ಯಾಂಡು ಅರ್ಧಕ್ಕೆ ನಿಂತಿತು. ಅವನು ಮೈಕಿನ ಗುಂಡಿ ಒತ್ತಿ, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದು ಎದೆಯ ಮುಂದೆ ತೋರಿಸಿದ.

“ಎದುರಾಳಿಯನ್ನು ಹಿಡಿದ ಫೌಲ್. ಚೆಂಡಿನ ತಂಡ, ಐವತ್ತೆರಡನೇ ನಂಬರ್. ಹತ್ತು ಗಜ ಹಿಂದಕ್ಕೆ. ಅಂಕ ಇಲ್ಲ.”

ಮೇಲೆ ಗಾಜಿನ ಕೋಣೆಯಲ್ಲಿ ಅನೌನ್ಸರ್‌ಗೆ ಯೋಚಿಸಲು ಹೊತ್ತಿರಲಿಲ್ಲ. ಮುಂದೆ ಹಳೆಯ ತಂಡದ ಪಟ್ಟಿ, ಮೂವತ್ತು ವರ್ಷದ ಅಭ್ಯಾಸ. ರೆಫರಿ ನಂಬರ್ ಹೇಳಿದರೆ ಅವನ ಬಾಯಿ ಹೆಸರು ಹೇಳುತ್ತದೆ.

“ಐವತ್ತೆರಡನೇ ನಂಬರ್,” ಧ್ವನಿವರ್ಧಕ ಕೂಗಿತು, “ವೆಂಡೆಲ್ ಟಕಾಚ್!”

ಹೆಸರು ಎದುರಿನ ಮೆಟ್ಟಿಲುಗಳಿಗೆ ಬಡಿದು ಇನ್ನೊಮ್ಮೆ ಕೇಳಿಸಿತು.

ಜನ ಬೈಯತೊಡಗಿದರು. ಐದು ಸಾವಿರ ಜನ ಒಟ್ಟಿಗೆ ‘ಬೂ’ ಎಂದರು. ಮೈದಾನದ ಅಂಚಿನಲ್ಲಿ ಒಬ್ಬಳೇ ಒಬ್ಬಳು ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ಲೊರೆಟಾ ನಿಯಮ ಗೊತ್ತಿದ್ದೇ ತಟ್ಟುತ್ತಿದ್ದಳು.

ಕಾರ್ಬಿನ್ ಚೆಂಡು ಹಿಡಿದುಕೊಂಡು ದಾಪುಗಾಲು ಹಾಕುತ್ತ ಬಂದ. ನಗು ಹೋಗಿತ್ತು.

“ಏನಿದು ತಮಾಷೆ? ನನ್ನ ಮೊಮ್ಮಕ್ಕಳು ನೋಡ್ತಿದಾರೆ!”

“ನೋಡ್ಲಿ,” ಅಂದೆ. “ಅಂಕ ಇಲ್ಲ ಅಂದ್ರಲ್ಲ, ಮತ್ತೆ ಆಡು. ಹದಿನಾರು ಗಜ ಆಯ್ತು ಈಗ. ಹೋಗಿ ನಿಂತ್ಕೋ.”

“ಆಡೋಣ, ಬನ್ನಿ, ಬೇಗ ನಿಂತ್ಕೊಳ್ಳಿ ಎಲ್ಲ.”

“ನಾವು ಬರಲ್ಲ. ಈ ಸಲ ಕಂಡಿ ನೀನೇ ಮಾಡ್ಕೋ.”

ಎಮ್ಮೆಟ್‌ನ ಪಕ್ಕಕ್ಕೆ ಸ್ಟಾಕ್‌ಡೇಲಿನ ಮುದುಕರು ಒಬ್ಬೊಬ್ಬರಾಗಿ ಬಂದು ಸಾಲಾಗಿ ನಿಂತರು. ಯಾರೂ ಅವರಿಗೆ ಹೇಳಿರಲಿಲ್ಲ. ಕಾರ್ಬಿನ್ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಎಲ್ಲಿಯಾದರೂ ಸಂದು ಇದೆಯೇ ಎಂದು ಹುಡುಕುವ ಅದೇ ಹಳೆಯ ನೋಟ. ಆಮೇಲೆ ಚೆಂಡನ್ನು ನೆಲಕ್ಕೆಸೆದು ಪ್ರತಿಮೆಯ ಕಡೆ ನಡೆದ. ಬ್ಯಾಂಡು ಮತ್ತೆ ಶುರುವಾಯಿತು. ಸಮಿತಿಯವರು ಬಟ್ಟೆ ಎಳೆದರು. ಅವನ ಹೆಂಡತಿ ಹೇಳಿದ್ದು ನಿಜ, ಮೂಗು ಉದ್ದವಿತ್ತು. ಜನ ಚಪ್ಪಾಳೆ ತಟ್ಟಿದರು. ಅವನು ಮೈಕು ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಕಂಚು ಕರಗಿಸಿದವನಿಗೂ ಹೇಳಿದ. ಕಲ್ಲಿನ ಮೇಲೆ ಇವತ್ತಿಗೂ ಒಂದೇ ಹೆಸರಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಆದರೆ ಆ ಹೊತ್ತಿಗೆ ನಾವು ಇನ್ನೂ ಆರು ಗಜದ ಜಾಗದಲ್ಲೇ ನಿಂತಿದ್ದೆವು. ವೆಂಡೆಲ್ ಮುಷ್ಟಿ ಸಡಿಲಿಸಿರಲಿಲ್ಲ.

“ಬಿಡೋ ಈಗ, ಆಯ್ತಲ್ಲ,” ಅಂದ ಎಮ್ಮೆಟ್. “ಅಂಗಿ ಹರಿಯತ್ತೆ.”

“ಹರೀಲಿ,” ಅಂದ ವೆಂಡೆಲ್.